ಲೈಬ್ರರಿಯನ್ನು ಮಕ್ಕಳ ಕೈಗೆ ಯಾಕೆ ಕೊಟ್ರಿ?

ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ನಾಟಕ ನೋಡಲು ಹೋದರೂ ಇದೇ ಪ್ರಶ್ನೆ, ಊರಿಗೆ ಹೋದರೂ ಇದೇ. "ಅಲ್ಲಮ್ಮಾ, ಕಾಲೇಜಿನ ಲೈಬ್ರರಿ ಹೊಸದು ಮಾಡೋ ಕೆಲಸ ಡಿಸೈನ್ ಓದೋ ಮಕ್ಕಳಿಗೆ ಯಾಕೆ ಕೊಟ್ರಿ? ಒಬ್ಬ ಒಳ್ಳೆ ಇಂಟೀರಿಯರ್‌ನವರನ್ನ ಕರೆದಿದ್ರೆ ಎರಡು ತಿಂಗಳಲ್ಲಿ ಮುಗೀತಿತ್ತು."

ನಾನು ಮುಂಬೈಯ ಒಂದು ಕಾಲೇಜಿನಲ್ಲಿ 19 ವರ್ಷದಿಂದ ಲೈಬ್ರರಿಯನ್. ಇಂಟೀರಿಯರ್‌ನವರು ಬಂದಿದ್ದರೆ ಏನು ಬೇಕು ಅಂತ ನನ್ನನ್ನು ಕೇಳುತ್ತಿದ್ದರು. ಈ ಮಕ್ಕಳು ಕೇಳಲೇ ಇಲ್ಲ. ಎರಡು ವಾರ ಸುಮ್ನೆ ಮೂಲೆಯಲ್ಲಿ ಕೂತು ನೋಡಿದರು.

ಯಾರು ಎಲ್ಲಿ ಕೂರುತ್ತಾರೆ, ಕುರ್ಚಿ ಎಳೆದುಕೊಂಡು ಎಲ್ಲಿಗೆ ಹೋಗುತ್ತಾರೆ, ಎಲ್ಲವನ್ನೂ ನಕ್ಷೆಯ ಮೇಲೆ ಚುಕ್ಕೆ ಇಟ್ಟು ಗುರುತಿಸಿದರು. ಆ ಹಾಳೆಯನ್ನು ನನ್ನ ಮೇಜಿನ ಮೇಲೆ ಹರಡಿದ ದಿನ ಚೆನ್ನಾಗಿ ನೆನಪಿದೆ. ದೊಡ್ಡ ಮೇಜುಗಳ ಸುತ್ತ ಅಲ್ಲೊಂದು ಇಲ್ಲೊಂದು ಚುಕ್ಕೆ. ಕಿಟಕಿ ಪಕ್ಕದ ಕಂಬಕ್ಕೆ ಮಾತ್ರ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ. ಅಲ್ಲಿ ಬೆಳಕಿದೆ, ಪ್ಲಗ್ ಇದೆ. ಬಾಗಿಲ ಹತ್ತಿರ ಒಂದಷ್ಟು ಕೆಂಪು ಚುಕ್ಕೆ. ಅವು ಹೊಸ್ತಿಲವರೆಗೆ ಬಂದು ವಾಪಸ್ ಹೋದವರು.

ಬಾಗಿಲ ಎದುರಿಗೇ ನಮ್ಮ ಇಶ್ಯೂ ಕೌಂಟರ್, ಎದೆಮಟ್ಟ. "ಮ್ಯಾಡಮ್, ಪೊಲೀಸ್ ಚೌಕಿಗೆ ಬಂದ ಹಾಗೆ ಆಗುತ್ತೆ" ಅಂದಳು ಒಬ್ಬ ಹುಡುಗಿ. ಮನಸ್ಸಿಗೆ ನೋವಾಯಿತು, ಆದರೆ ಮಾತು ನಿಜ. ಪುಸ್ತಕ ಇರುವುದು ಬಳಕೆಗೆ ಅಂತ ನಮ್ಮ ದೇಶದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್. ಆರ್. ರಂಗನಾಥನ್ 1931ರಲ್ಲೇ ತಮ್ಮ ಐದು ಸೂತ್ರಗಳಲ್ಲಿ ಮೊದಲನೆಯದಾಗಿ ಬರೆದರು. ಅದನ್ನು ಬಾಯಿಪಾಠ ಮಾಡಿ ಪಾಸಾದವರು ನಾವು. ಕೌಂಟರ್ ಮಾತ್ರ ಪುಸ್ತಕ ಕಾಯುವುದಕ್ಕೆ ಕಟ್ಟಿಸಿದ್ದೆವು.

ಮಕ್ಕಳು ರದ್ದಿ ಅಂಗಡಿಯಿಂದ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ತಂದು, ನಿಜವಾದ ಅಳತೆಯಲ್ಲೇ ಹೊಸ ಕೌಂಟರ್ ಮಾಡಿದರು. ಮೇಜಿನಷ್ಟೇ ಎತ್ತರ, ಬಾಗಿಲಿಗೆ ಎದುರಲ್ಲ, ಪಕ್ಕಕ್ಕೆ. ಒಂದು ವಾರ ಅದರ ಮೇಲೇ ಪುಸ್ತಕ ಕೊಟ್ಟೆವು. ಮೂರನೇ ದಿನ ಒಂದು ಕಡೆ ಕುಸಿಯಿತು. ವಾಪಸ್ ಬಂದ ಪುಸ್ತಕ ಇಡಲು ಜಾಗ ಸಾಲದು ಅಂತಲೂ ಆಗಲೇ ಗೊತ್ತಾಗಿದ್ದು. ಬಡಗಿಗೆ ದುಡ್ಡು ಕೊಡುವ ಮೊದಲೇ ತಪ್ಪು ಕಂಡರೆ ಒಳ್ಳೇದು, ಅಲ್ವಾ?

ಅವರು ಹೇಳಿದ್ದನ್ನೆಲ್ಲ ನಾನು ಒಪ್ಪಲಿಲ್ಲ. ರ‍್ಯಾಕ್‌ಗಳನ್ನು ಗೋಡೆಗೆ ಒತ್ತಿ ಇಟ್ಟರೆ ನಡುವೆ ಜಾಗ ಜಾಸ್ತಿ ಸಿಗುತ್ತದೆ ಅಂದರು. ಮುಂಬೈ ಮಳೆಗಾಲದಲ್ಲಿ ಗೋಡೆಯ ತೇವಕ್ಕೆ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಅಂಥದ್ದೊಂದನ್ನು ಕೈಗೆ ಕೊಟ್ಟು ಮೂಸಿ ನೋಡಿ ಅಂದೆ. ಗೋಡೆಯಿಂದ ಒಂದು ಗೇಣು ದೂರ ಅಂತ ಅವರೇ ನಕ್ಷೆ ತಿದ್ದಿದರು.

ಇನ್ನು ನಮ್ಮ ಕನ್ನಡ ಕಪಾಟು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು ಈ ಊರಲ್ಲಿ ಎಷ್ಟೋ ಜನ. ಅಂಥವರೊಬ್ಬರು ಕೊಟ್ಟ ಪುಸ್ತಕಗಳು ಅವು. ರ‍್ಯಾಕಿನ ಮೇಲೆ 894.814 ಅಂತಷ್ಟೇ ಬರೆದಿತ್ತು. ಪುಸ್ತಕಗಳಿಗೆ ವಿಷಯದ ಪ್ರಕಾರ ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ ಅದು. "ಇದು ನಿಮ್ಮ ಭಾಷೆ ಅಂತ ನಿಮ್ಮನ್ನು ಬಿಟ್ಟು ಯಾರಿಗೆ ಗೊತ್ತಾಗಬೇಕು?" ಅಂತ ಕೇಳಿದ ಮರಾಠಿ ಹುಡುಗನೊಬ್ಬ ಹಲಗೆ, ಬ್ರಷ್ ತಂದು ನನ್ನ ಮುಂದಿಟ್ಟ. ನಾನೇ 'ಕನ್ನಡ' ಅಂತ ಬರೆದೆ. ಬಾಗಿಲಿಂದಲೇ ಕಾಣುವ ಹಾಗೆ ತೂಗುಹಾಕಿದರು.

ಹೋದ ತಿಂಗಳು ಕ್ಯಾಂಟೀನಿನ ಕುಂದಾಪುರದ ಹುಡುಗ ಬಾಗಿಲಲ್ಲಿ ನಿಂತಿದ್ದ. ಚಹಾ ತಂದಿರಲಿಲ್ಲ. ಹಲಗೆ ನೋಡುತ್ತಾ, "ಅಕ್ಕಾ, ಒಳ್ಗೆ ಬರ್ಲಕ್ಕಾ?" ಅಂದ. ಈಗ ಮಧ್ಯಾಹ್ನ ಮೂರರ ಮೇಲೆ, ಗಿರಾಕಿ ಕಡಿಮೆ ಇದ್ದಾಗ ಬರುತ್ತಾನೆ. ಕ್ಯಾಂಟೀನಿನವರಿಗೆ ಸದಸ್ಯತ್ವ ಕೊಡುವ ನಿಯಮ ಇಲ್ಲ. ಅರ್ಜಿ ಬರೆದು ಕಮಿಟಿಗೆ ಕಳಿಸಿದ್ದೇನೆ. ಅಲ್ಲಿಯವರೆಗೆ ಅವನ ಪುಸ್ತಕ ನನ್ನ ಕಾರ್ಡಿನ ಮೇಲೆ ಹೋಗುತ್ತಿದೆ.