ಆನ್‌ಲೈನ್ ಡಿಗ್ರಿ ಮಾಡಿದವರು ಸೇನೆಯಲ್ಲಿ ಆಫೀಸರ್ ಆಗಬಹುದಾ?

"ಸರ್, ಮನೆ ಕಡೆ ಕಷ್ಟ, ಕೆಲಸ ಬಿಡೋ ಹಾಗಿಲ್ಲ. ಆನ್‌ಲೈನ್‌ನಲ್ಲಿ ಬಿಎ ಮಾಡಿ ಸಿಡಿಎಸ್ ಬರೀಬಹುದಾ?" ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ.

ಧಾರಾಳವಾಗಿ ಬರೆಯಿರಿ. ಸಿಡಿಎಸ್ ಅಂದರೆ ಸೇನಾ ಆಫೀಸರ್‌ಗಳ ಆಯ್ಕೆಗೆ ಯುಪಿಎಸ್‌ಸಿ ವರ್ಷಕ್ಕೆರಡು ಸಲ ನಡೆಸುವ ಪರೀಕ್ಷೆ. ಆಫೀಸರ್ ತರಬೇತಿ ಕೊಡುವ ಡೆಹ್ರಾಡೂನಿನ ಐಎಂಎಗಾಗಲಿ, ಚೆನ್ನೈನ ಒಟಿಎಗಾಗಲಿ ಸೇರಲು ಮಾನ್ಯತೆ ಇರುವ ವಿಶ್ವವಿದ್ಯಾಲಯದ ಯಾವುದೇ ಡಿಗ್ರಿ ಸಾಕು. ಆನ್‌ಲೈನ್ ಡಿಗ್ರಿಯೂ ಕಾಲೇಜಿನ ಡಿಗ್ರಿಗೆ ಸಮ ಎಂದು ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ಮಾಡುವ ಯುಜಿಸಿ 2022ರಲ್ಲೇ ಸ್ಪಷ್ಟಪಡಿಸಿದೆ. ನೌಕಾಪಡೆ ಮಾತ್ರ ಈ ದಾರಿಯಲ್ಲಿ ಸಿಗುವುದಿಲ್ಲ. ಸಿಡಿಎಸ್ ಮೂಲಕ ಅಲ್ಲಿಗೆ ಹೋಗಲು ಎಂಜಿನಿಯರಿಂಗ್ ಬೇಕು, ಅದನ್ನು ಆನ್‌ಲೈನ್‌ನಲ್ಲಿ ಕಲಿಸಲು ಯುಜಿಸಿ ಬಿಡುವುದಿಲ್ಲ.

ಜನ ಎಡವುವುದು ಮಾನ್ಯತೆಯ ವಿಷಯದಲ್ಲಿ. ಮೈಸೂರಿನ ಮುಕ್ತ ವಿವಿಯಲ್ಲಿ ಆಗಿದ್ದು ಗೊತ್ತಲ್ವಾ? 2012-13ರ ನಂತರ ಅಲ್ಲಿನ ಕೋರ್ಸುಗಳಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ 2015ರಲ್ಲಿ ಹೇಳಿತು. ಫೀಸು ಕಟ್ಟಿ ಓದಿದವರು ಕಂಗಾಲಾದರು. 2018ರಲ್ಲಿ ಮಾನ್ಯತೆ ಮತ್ತೆ ಸಿಕ್ಕಿತು, ಅದು ಬೇರೆ ಮಾತು. ಜಾಹೀರಾತು ನೋಡಿ ದುಡ್ಡು ಕಟ್ಟಬೇಡಿ. ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೆ ಅನುಮತಿ ಇದೆಯಾ ಎಂದು ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲೇ ನೋಡಿ.

ಇನ್ನು ಎಸ್‌ಎಸ್‌ಬಿ, ಅಂದರೆ ಲಿಖಿತ ಪರೀಕ್ಷೆ ಪಾಸಾದ ಮೇಲೆ ಸೇನೆಯ ಆಯ್ಕೆ ಮಂಡಳಿ ನಡೆಸುವ ಸಂದರ್ಶನ. ಐದು ದಿನದ ಈ ಆಯ್ಕೆಯಲ್ಲೇ ಹೆಚ್ಚಿನವರು ವಾಪಸ್ ಬರುವುದು. ಮೊದಲ ದಿನವೇ ಮಸುಕಾದ ಒಂದು ಚಿತ್ರವನ್ನು ಅರ್ಧ ನಿಮಿಷ ತೋರಿಸುತ್ತಾರೆ. ನಾಲ್ಕು ನಿಮಿಷದಲ್ಲಿ ಅದರ ಮೇಲೆ ಕಥೆ ಬರೆದು, ಆಮೇಲೆ ಗುಂಪಿನ ಮುಂದೆ ಹೇಳಿ, ಚರ್ಚೆಗೆ ಇಳಿಯಬೇಕು. ಮನೆಯಲ್ಲಿ ಒಬ್ಬರೇ ಮೊಬೈಲ್ ಮುಂದೆ ಓದಿದವರ ಬಾಯಿ ಕಟ್ಟುವುದು ಇಲ್ಲೇ. ಸಂದರ್ಶನದಲ್ಲಿ ಹತ್ತನೇ ಕ್ಲಾಸಿನ ಮಾರ್ಕ್ಸ್, ಗೆಳೆಯರು, ಆಟ, ಬಿಡುವಿನ ಹವ್ಯಾಸ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಕಾಲೇಜು ಯಾಕೆ ಬಿಟ್ಟೆ ಅಂತಲೂ ಕೇಳಬಹುದು. ಅಂಗಡಿ ನೋಡಿಕೊಂಡೆ, ಊರ ಹುಡುಗರ ಕಬಡ್ಡಿ ಟೀಮು ಕಟ್ಟಿದೆ ಅನ್ನಿ, ಅದು ಒಳ್ಳೆಯ ಉತ್ತರ. ಸುಮ್ನೆ ಮನೆಯಲ್ಲಿದ್ದೆ ಅಂದರೆ ಕಷ್ಟ. ಕಾಲೇಜಿನ ಎನ್‌ಸಿಸಿ ಕೈತಪ್ಪುವುದೂ ನಷ್ಟವೇ: 'ಸಿ' ಸರ್ಟಿಫಿಕೇಟ್ ಇದ್ದು, ಡಿಗ್ರಿಯಲ್ಲಿ 50% ಬಂದಿದ್ದರೆ ಲಿಖಿತ ಪರೀಕ್ಷೆಯಿಲ್ಲದೆ ನೇರ ಎಸ್‌ಎಸ್‌ಬಿಗೆ ಹೋಗುವ ದಾರಿಯಿದೆ.

ಈಗಾಗಲೇ ಸೇನೆಯಲ್ಲಿ ಸಿಪಾಯಿಗಳಾಗಿರುವವರೂ ಇದನ್ನೇ ಕೇಳುತ್ತಾರೆ. ಪಿಯುಸಿ ಆಗಿದ್ದರೆ, ಆನ್‌ಲೈನ್ ಡಿಗ್ರಿಗೆ ದುಡ್ಡು ಸುರಿಯುವ ಮುಂಚೆ ನಿಮ್ಮ ಯೂನಿಟ್‌ನಲ್ಲಿ ಆರ್ಮಿ ಕೆಡೆಟ್ ಕಾಲೇಜಿನ ಬಗ್ಗೆ ವಿಚಾರಿಸಿ. ಆಯ್ಕೆಯಾದರೆ ಡೆಹ್ರಾಡೂನಿನಲ್ಲಿ ಮೂರು ವರ್ಷ ಓದಿಸಿ, ಜೆಎನ್‌ಯು ಡಿಗ್ರಿ ಕೊಡಿಸಿ, ಐಎಂಎಗೆ ಅವರೇ ಕಳಿಸುತ್ತಾರೆ.