ಸಿಪಿಯು ನಿಧಾನವಾದಾಗ ಕೆಟ್ಟ ಸೀರಿಯಲ್ ಪೋರ್ಟ್

ನಮ್ಮ ಬೋರ್ಡ್‌ನಲ್ಲಿ ಸಿಪಿಯು ಫ್ರೀಕ್ವೆನ್ಸಿ ಸ್ಕೇಲಿಂಗ್ (ಕೆಲಸ ಕಡಿಮೆಯಿದ್ದಾಗ ಸಿಪಿಯು ವೇಗ ಇಳಿಸುವ ವ್ಯವಸ್ಥೆ) ಆನ್ ಮಾಡಿದ ದಿನ ಖುಷಿಯಾಗಿತ್ತು. ವೇಗ ಎಷ್ಟಿರಬೇಕೆಂದು ತೀರ್ಮಾನಿಸುವ ಗವರ್ನರ್ ಆನ್‌ಡಿಮ್ಯಾಂಡ್, ಅಂದರೆ ಲೋಡ್ ನೋಡಿ ವೇಗ ಬದಲಿಸುವಂಥದ್ದು. ಬಿಸಿಯೂ ಕಡಿಮೆ, ಕರೆಂಟೂ ಕಡಿಮೆ. ಮಾರನೇ ದಿನ ಲಾಗ್ ತೆರೆದರೆ, ಯುಆರ್ಟ್‌ಗೆ (ಸೀರಿಯಲ್ ಪೋರ್ಟ್) ಜೋಡಿಸಿದ್ದ ಸೆನ್ಸರ್‌ನಿಂದ ರಾತ್ರಿಯಿಡೀ ಬರೀ ಫ್ರೇಮಿಂಗ್ ಎರರ್, ಅಂದರೆ ಬೈಟ್‌ನ ಕೊನೆಯ ಬಿಟ್ ಇರಬೇಕಾದಲ್ಲಿ ಸಿಗಲಿಲ್ಲ ಎಂಬ ದೂರು.

ಹುಡುಕಲು ಕೂತರೆ ತಪ್ಪು ಕೈಗೆ ಸಿಗುತ್ತಿರಲಿಲ್ಲ. ಲಾಗ್ ಜಾಲಾಡುವ ಸ್ಕ್ರಿಪ್ಟ್ ಓಡಿಸಿದ ಕೂಡಲೇ ಸೆನ್ಸರ್ ಸರಿಹೋಗುತ್ತಿತ್ತು. ಬೋರ್ಡನ್ನು ಸುಮ್ನೆ ಬಿಟ್ಟರೆ ಮತ್ತೆ ಕೆಡುತ್ತಿತ್ತು. ಎರಡು ದಿನ ಕೇಬಲ್, ಕನೆಕ್ಟರ್ ಬದಲಿಸುವುದರಲ್ಲೇ ಹೋಯಿತು. ಕೊನೆಗೆ ಡೇಟಾ ಹೊರಹೋಗುವ ಟಿಎಕ್ಸ್ ಪಿನ್‌ಗೆ ಆಸಿಲೋಸ್ಕೋಪ್ ಹಿಡಿದೆ. 115200 ಬಾಡ್‌ನಲ್ಲಿ (ಸೆಕೆಂಡಿಗೆ ಅಷ್ಟು ಬಿಟ್) ಒಂದು ಬಿಟ್ 8.68 ಮೈಕ್ರೋಸೆಕೆಂಡ್ ಇರಬೇಕು ಅಲ್ವಾ? ಸಿಪಿಯು ಖಾಲಿ ಕೂತಾಗ ಅದು 17.36 ಆಗಿತ್ತು. ಸರಿಯಾಗಿ ಎರಡರಷ್ಟು. ಸ್ಕ್ರಿಪ್ಟ್ ಓಡಿದರೆ ಲೋಡ್ ಏರುತ್ತದೆ, ಗವರ್ನರ್ ವೇಗವನ್ನು ಪೂರ್ತಿ ಏರಿಸುತ್ತದೆ, ಬಿಟ್ ಮತ್ತೆ 8.68ಕ್ಕೆ ಬರುತ್ತದೆ.

ಕರ್ನಲ್‌ನ ಒಳಗನ್ನು ತೋರಿಸುವ ಡಿಬಗ್‌ಎಫ್‌ಎಸ್‌ನಲ್ಲಿ ಕ್ಲಾಕ್ ಸಮರಿ (ಯಾವ ಕ್ಲಾಕ್ ಎಲ್ಲಿಂದ ಬರುತ್ತದೆಂಬ ಪಟ್ಟಿ) ತೆರೆದೆ. ಸಿಪಿಯುಗೆ ಕ್ಲಾಕ್ ಕೊಡುವ ಪಿಎಲ್‌ಎಲ್ ಸರ್ಕ್ಯೂಟ್‌ನ ಕೆಳಗೇ, ಯುಆರ್ಟ್‌ನಂಥ ಪೋರ್ಟ್‌ಗಳಿರುವ ಪೆರಿಫೆರಲ್ ಬಸ್ ಕೂತಿತ್ತು. ಪಿಎಲ್‌ಎಲ್ ಅರ್ಧವಾದರೆ ಯುಆರ್ಟ್ ಕ್ಲಾಕೂ ಅರ್ಧ. ಆ ಕ್ಲಾಕನ್ನು ಭಾಗಿಸಿ ಬಾಡ್ ಕೊಡುವ ಡಿವೈಡರ್ ಮಾತ್ರ ಪೋರ್ಟ್ ತೆರೆದಾಗ ಬರೆದದ್ದೇ.

ಯುಆರ್ಟನ್ನು ಡಿವೈಸ್ ಟ್ರೀಯಲ್ಲಿ (ಕರ್ನಲ್‌ಗೆ ಹಾರ್ಡ್‌ವೇರ್ ವಿವರ ಹೇಳುವ ಫೈಲ್) ವೇಗ ಬದಲಾಗದ 24 ಮೆಗಾಹರ್ಟ್ಸ್‌ನ ಕ್ರಿಸ್ಟಲ್‌ಗೆ ಕಟ್ಟಿದೆ. 13ರ ಡಿವೈಡರ್, 16 ಪಟ್ಟು ಓವರ್‌ಸ್ಯಾಂಪ್ಲಿಂಗ್ (ಒಂದು ಬಿಟ್ಟಿಗೆ 16 ಸಲ ನೋಡುವುದು) ಹಾಕಿದರೆ 115385 ಬರುತ್ತದೆ. ತಪ್ಪು ಶೇ. 0.16 ಅಷ್ಟೇ, ಯುಆರ್ಟ್ ಅದನ್ನು ಆರಾಮಾಗಿ ತಾಳಿಕೊಳ್ಳುತ್ತದೆ. ಅದೇ ಬಸ್‌ನ ಇನ್ನೊಂದು ಪೋರ್ಟ್ ಐ2ಸಿಗೆ ಆ ದಾರಿ ಇರಲಿಲ್ಲ. ಅದರ ಡ್ರೈವರ್‌ಗೆ ಕ್ಲಾಕ್ ನೋಟಿಫೈಯರ್ (ಕ್ಲಾಕ್ ಬದಲಾಗುವಾಗ ಕರೆ ಬರುವ ಕೋಡ್) ಬರೆದೆ. ರೇಟ್ ಬದಲಾಗುವ ಮುಂಚೆ ನಡೆಯುತ್ತಿರುವ ಟ್ರಾನ್ಸ್‌ಫರ್ ಮುಗಿಯುವ ತನಕ ತಡೆಯುವುದು, ಬದಲಾದ ಮೇಲೆ ಡಿವೈಡರ್ ಹೊಸದಾಗಿ ಲೆಕ್ಕ ಹಾಕುವುದು. ನನಗೆ ಹೆಚ್ಚು ನಂಬಿಕೆ ಮೊದಲನೇ ದಾರಿಯ ಮೇಲೇ. ಕ್ಲಾಕ್ ಅಲ್ಲಾಡದಿದ್ದರೆ ಡ್ರೈವರ್‌ಗೆ ಕೆಲಸವೇ ಇಲ್ಲ.

ಸಿಪಿಯು ವೋಲ್ಟೇಜ್ ಏರಿಳಿಸುವ ಕ್ರಮವನ್ನೂ ಆಗಲೇ ನೋಡಿಕೊಂಡೆ: ವೇಗ ಏರಿಸುವಾಗ ಮೊದಲು ವೋಲ್ಟೇಜ್, ಇಳಿಸುವಾಗ ಮೊದಲು ವೇಗ.

ಈಗ ಗವರ್ನರನ್ನು ನಂಬಿ ಟೆಸ್ಟ್ ಮಾಡುವುದಿಲ್ಲ. ವೇಗವನ್ನು ನಾವೇ ಹೇಳಬಹುದಾದ ಯೂಸರ್‌ಸ್ಪೇಸ್ ಗವರ್ನರ್ ಹಾಕಿ, ಒಂದು ಸ್ಕ್ರಿಪ್ಟ್‌ನಿಂದ ಕನಿಷ್ಠ, ಗರಿಷ್ಠ ವೇಗಗಳ ನಡುವೆ ಬಿಡದೆ ಓಡಾಡಿಸುತ್ತೇನೆ. ಅದೇ ಹೊತ್ತಿಗೆ ಎಲ್ಲ ಪೋರ್ಟ್‌ಗಳಲ್ಲೂ ಡೇಟಾ ಹರಿಯುತ್ತಿರಬೇಕು. ನನ್ನ ನೋಟಿಫೈಯರ್‌ನಲ್ಲೇ ಒಂದು ಕಡೆ ಲಾಕ್ ಹಾಕುವುದು ಬಿಟ್ಟುಹೋಗಿದ್ದು ಸಿಕ್ಕಿದ್ದು ಹೀಗೆ, ಟೆಸ್ಟ್ ಶುರುವಾದ ನಲವತ್ತನೇ ನಿಮಿಷಕ್ಕೆ.