ಹಿಂಬದಿಯಲ್ಲಿ ಮುಂಬಾಗಿಲಿದ್ದ ತಾಜ್

ಎಲಿಫೆಂಟಾ ಗುಹೆ ನೋಡಿಕೊಂಡು ದೋಣಿಯಲ್ಲಿ ಮುಂಬೈಗೆ ವಾಪಸ್ ಬರುತ್ತಿದ್ದೆವು. ಮೊದಲು ಕಣ್ಣಿಗೆ ಬಿದ್ದಿದ್ದು ತಾಜ್ ಮಹಲ್ ಹೋಟೆಲಿನ ಕೆಂಪು ಗುಮ್ಮಟ. ಗೇಟ್‌ವೇ ಆಫ್ ಇಂಡಿಯಾ ಬೇರೆಯಾಗಿ ಕಾಣಿಸಿದ್ದು ಆಮೇಲೆ.

"ಇವೆರಡರಲ್ಲಿ ಯಾವುದು ಹಳೇದೋ?" ಅಂತ ಅಪ್ಪ ಕೇಳಿದರು. ಅವರು ಮೂವತ್ತು ವರ್ಷ ಮೇಸ್ತ್ರಿ ಕೆಲಸ ಮಾಡಿದವರು. ಯಾವ ಊರಿಗೆ ಹೋದರೂ ಅವರ ಮೊದಲ ಪ್ರಶ್ನೆ ಕಟ್ಟಡದ ಬಗ್ಗೆಯೇ.

ಹೋಟೆಲೇ ಹಳೇದು. ಜಮ್ಶೆಡ್‌ಜಿ ಟಾಟಾ ಕಟ್ಟಿಸಿದ ಈ ಹೋಟೆಲ್ ಶುರುವಾಗಿದ್ದು 1903ರ ಡಿಸೆಂಬರ್ 16ರಂದು. ಗೇಟ್‌ವೇ ಕೆಲಸ ಮುಗಿದಿದ್ದು 1924ರಲ್ಲಿ. ಅಂದರೆ ಇಪ್ಪತ್ತು ವರ್ಷ ಸಮುದ್ರದ ಕಡೆಯಿಂದ ಬಂದವರನ್ನು ಎದುರುಗೊಂಡಿದ್ದು ಈ ಗುಮ್ಮಟವೇ.

ದೋಣಿ ಇಳಿದು ಗೇಟ್‌ವೇ ಹತ್ತಿರ ತುಂಬಾ ಹೊತ್ತು ನಿಂತೆವು. ಎದುರಿಗೆ ಹೋಟೆಲಿನ ಬೂದು ಕಲ್ಲಿನ ಗೋಡೆ, ಸಾಲು ಸಾಲು ಕಮಾನು, ಮೂಲೆಗಳಲ್ಲಿ ಸಣ್ಣ ಗುಮ್ಮಟಗಳು. ಮೊಘಲರ ಕಾಲದ ಕಟ್ಟಡಗಳ ಛಾಯೆಯೂ ಇದೆ, ಯೂರೋಪಿನ ಅರಮನೆಯ ಛಾಯೆಯೂ ಇದೆ. ಎರಡೂ ಜಗಳವಾಡದೆ ಒಟ್ಟಿಗಿವೆ. ಪಕ್ಕದಲ್ಲಿ ಎಪ್ಪತ್ತರ ದಶಕದಲ್ಲಿ ಎದ್ದ ಟವರ್ ಮಾತ್ರ ನನಗೆ ಹಿಡಿಸಲಿಲ್ಲ. ಕಮಾನಿನ ಆಕಾರ ಅದರಲ್ಲೂ ಇದೆ, ಆದರೆ ಕಣ್ಣು ಅಲ್ಲಿ ನಿಲ್ಲುವುದಿಲ್ಲ.

ಒಳಗೆ ಸೀ ಲೌಂಜ್‌ನಲ್ಲಿ ಟೀ ಕುಡಿದೆವು. ಹೊರಡುವಾಗ ಅಲ್ಲಿನ ಸಿಬ್ಬಂದಿಯೊಬ್ಬರನ್ನು ಕೇಳಿದ್ದಕ್ಕೆ, ಪ್ರೀತಿಯಿಂದ ನಡುವಿನ ಮೆಟ್ಟಿಲಿನವರೆಗೆ ಕರೆದುಕೊಂಡು ಹೋದರು.

ಅಲ್ಲಿ ಅಪ್ಪ ಮಾತು ನಿಲ್ಲಿಸಿದರು. ಗುಮ್ಮಟದ ಕೆಳಗೆ ಮಹಡಿಯಿಂದ ಮಹಡಿಗೆ ಮೆಟ್ಟಿಲುಗಳು ಏರುತ್ತಾ ಹೋಗುತ್ತವೆ. ನಡುವೆ ಪೂರ್ತಿ ಖಾಲಿ. ಅಪ್ಪ ಬಗ್ಗಿ ಮೆಟ್ಟಿಲಿನ ಅಡಿಭಾಗ ನೋಡಿದರು. ಕಬ್ಬಿಣದ ಕಟಕಟೆಯ ಹೂಬಳ್ಳಿಯ ಮೇಲೆ ಮೆಲ್ಲಗೆ ಬೆರಳಾಡಿಸಿದರು.

"ಕಂಬ ಎಲ್ಲಿದೆ ಅಪ್ಪಾ?"

"ಕಂಬ ಇಲ್ಲ ಕಣೋ. ಮೆಟ್ಟಿಲಿನ ಒಂದು ತುದಿ ಗೋಡೆಯೊಳಗೆ ಹೂತಿರುತ್ತೆ. ಗೋಡೆಯ ಭಾರವೇ ಅದನ್ನ ಬಿಗಿಯಾಗಿ ಹಿಡ್ಕೊಂಡಿರುತ್ತೆ. ಗೋಡೆ ಕಟ್ಟುವಾಗಲೇ ಲೆಕ್ಕ ಸರಿಯಿರಬೇಕು. ಆಮೇಲೆ ತಿದ್ದೋಕೆ ಆಗಲ್ಲ."

ಈ ಮೆಟ್ಟಿಲಿನ ಕೆಲಸದ ಹೆಸರು ಸಲ್ಲುವುದು ಗುತ್ತಿಗೆದಾರ ಸೊರಾಬ್‌ಜಿ ರತ್ತನ್‌ಜಿಗೆ. ಹೋಟೆಲಿನ ನಕ್ಷೆ ಬರೆದವರು ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ. ಕಟ್ಟಡ ಮುಗಿಯುವ ಮೊದಲೇ ವೈದ್ಯ ತೀರಿಕೊಂಡರು. ಉಳಿದದ್ದನ್ನು ಮುಗಿಸಿದವರು ಇಂಗ್ಲಿಷ್ ಇಂಜಿನಿಯರ್ ಡಬ್ಲ್ಯೂ. ಎ. ಚೇಂಬರ್ಸ್. ಇದನ್ನು ಹೇಳಿದಾಗ ಅಪ್ಪ, "ಪಾಪ, ಈ ಮೆಟ್ಟಿಲು ಒಂದ್ಸಲನಾದ್ರೂ ಹತ್ತಬೇಕಿತ್ತು ಅವರು" ಅಂದರು.

2008ರ ನವೆಂಬರ್‌ನಲ್ಲಿ ಭಯೋತ್ಪಾದಕರ ದಾಳಿಯಾದಾಗ ಇದೇ ಗುಮ್ಮಟದ ಸುತ್ತ ಬೆಂಕಿ ಉರಿಯುವುದನ್ನು ನಾವು ಮನೆಯಲ್ಲಿ ಟಿವಿ ಮುಂದೆ ಕೂತು ನೋಡಿದ್ದೆವು. ಸುಟ್ಟ ಭಾಗ ರಿಪೇರಿಯಾಗಿ ಹೋಟೆಲಿನ ಹಳೇ ಕಟ್ಟಡ ಮತ್ತೆ ತೆರೆದಿದ್ದು 2010ರ ಆಗಸ್ಟ್ 15ರಂದು. ಒಳಗೆ ತೀರಿಹೋದವರ ಹೆಸರುಗಳನ್ನು ಬರೆದಿದ್ದಾರೆ. ಅಪ್ಪ ಚಪ್ಪಲಿ ಬಿಟ್ಟು ಅದರ ಮುಂದೆ ನಿಂತರು.

ಈ ಹೋಟೆಲ್ ಬಗ್ಗೆ ಒಂದು ಕಥೆ ಎಲ್ಲೆಡೆ ಓಡಾಡುತ್ತದೆ. ಕಟ್ಟಡ ಹಿಂದುಮುಂದಾಗಿ ಎದ್ದಿದ್ದನ್ನು ನೋಡಿ ನಕ್ಷೆ ಬರೆದವನು ಮೇಲಿಂದ ಹಾರಿ ಪ್ರಾಣ ಬಿಟ್ಟನಂತೆ. ಸುಳ್ಳು. ಆಗ ಕುದುರೆಗಾಡಿಗಳು ಬರುತ್ತಿದ್ದುದು ಊರಿನ ಕಡೆಯಿಂದ, ಅದಕ್ಕೆ ಮುಂಬಾಗಿಲೂ ಆ ಕಡೆಗೇ ಇತ್ತು. ಬೇಕೆಂದೇ ಹಾಗೆ ಕಟ್ಟಿದ್ದು. ಎರಡು ತೋಳು ಚಾಚಿದ ಹಾಗೆ ಕಟ್ಟಡ ಆ ಬದಿಗೆ ತೆರೆದುಕೊಂಡಿದೆ. ಆಗ ಬಾಗಿಲಿದ್ದ ಕಡೆ ಈಗ ಈಜುಕೊಳವಿದೆ.

ಇದನ್ನು ಕೇಳಿದ ಮೇಲೆ ಅಪ್ಪ ಟ್ಯಾಕ್ಸಿ ಹತ್ತಲು ಒಪ್ಪಲಿಲ್ಲ. ಹೋಟೆಲನ್ನು ಬಳಸಿಕೊಂಡು ಹಿಂದಿನ ರಸ್ತೆಗೆ ಹೋದೆವು. ಅಲ್ಲಿ ಜನ ಕಡಿಮೆ, ಫೋಟೋ ತೆಗೆಯುವವರು ಒಬ್ಬರೂ ಇರಲಿಲ್ಲ. ಅಪ್ಪ ಕೈಯನ್ನು ಹಣೆಗೆ ಅಡ್ಡ ಹಿಡಿದು, ಕತ್ತೆತ್ತಿ ಗುಮ್ಮಟ ನೋಡಿದರು.

"ವೈದ್ಯರು ಬರೆದಿದ್ದು ಈ ಕಡೆಯಿಂದ," ಅಂದರು.